ಎರಡು ಗಂಟೆ ಬೆಂಕಿ ತಾಳುವ ಸ್ಲ್ಯಾಬ್: ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಸ್ಲ್ಯಾಬಿಗೆ ಚದರ ಮೀಟರಿಗೆ ಎಷ್ಟಾಗುತ್ತದೆ ಎಂದು ಕೇಳುವ ಮೊದಲು, ಬೆಂಕಿ ಬಿದ್ದರೆ ಅದು ಎಷ್ಟು ಹೊತ್ತು ತಾಳಬೇಕು ಎಂಬುದನ್ನು ತೀರ್ಮಾನಿಸಿ. ಕುಸಿಯದಿದ್ದರಷ್ಟೇ ಸಾಲದು. ಬಿರುಕಿನಿಂದ ಜ್ವಾಲೆ ಮೇಲೆ ಬರಬಾರದು, ಮೇಲ್ಮೈಯ ಸರಾಸರಿ ಉಷ್ಣತೆ ಮೊದಲಿದ್ದುದಕ್ಕಿಂತ 140 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದು.

ಮೊದಲು ದಪ್ಪ. ಒಂದು ಗಂಟೆಗೆ ಸುಮಾರು 95 ಮಿ.ಮೀ. ಕಾಂಕ್ರೀಟ್ ಸಾಕು, ಎರಡು ಗಂಟೆಗೆ 125 ಬೇಕು. ಹೆಚ್ಚಾದ 30 ಮಿ.ಮೀ. ಎಂದರೆ ಚದರ ಮೀಟರಿಗೆ ಸುಮಾರು 75 ಕೆ.ಜಿ. ಭಾರ. ಅದು ತೊಲೆ, ಕಂಬ, ಪಾಯದವರೆಗೂ ಇಳಿಯುವುದರಿಂದ ಖರ್ಚನ್ನೂ ಅಲ್ಲಿಯವರೆಗೆ ಎಣಿಸಬೇಕು.

ಆಮೇಲೆ ಕವರ್, ಅಂದರೆ ಕಂಬಿಯ ಕೆಳಗಿನ ಕಾಂಕ್ರೀಟ್ ಪದರ. ಕಂಬಿ 550 ಡಿಗ್ರಿಯ ಆಸುಪಾಸಿಗೆ ಕಾದರೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಅದನ್ನು ಕಾಯುವುದು ಈ ಪದರ. ಬರೀ ಎರಡು ತುದಿಗೆ ಕೂತ ಸ್ಲ್ಯಾಬಿಗೆ ಎರಡು ಗಂಟೆಗೆ 35 ಮಿ.ಮೀ. ಕವರ್ ಬೇಕು, ತೊಲೆಗಳ ಮೇಲೆ ಎಡೆಬಿಡದೆ ಸಾಗುವ ಸ್ಲ್ಯಾಬಿಗೆ 25 ಸಾಕು. ಕೆಳಗಿನ ಕಂಬಿ ಸೋತಾಗ, ತೊಲೆಯ ಮೇಲಿರುವ ತಂಪಾದ ಕಂಬಿ ಭಾರ ಹೊರುತ್ತದೆ. 125 ಮಿ.ಮೀ. ಸ್ಲ್ಯಾಬಿನಲ್ಲಿ ಕವರ್ 10 ಮಿ.ಮೀ. ಕಡಿಮೆಯಾದರೆ ಕೆಳಗಿನ ಕಂಬಿಯೂ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ ಸಾಕು. ಹೀಗಾಗಿ ಮೇಲಿನ ಕಂಬಿಗೆ ಹಾಕಿದ ಹಣ ದಂಡವಲ್ಲ.

ಆದರೆ ಕಾಂಕ್ರೀಟ್ ಹಾಕುವಾಗ ಕೆಲಸದವರು ತುಳಿದು ಆ ಕಂಬಿ ಕೆಳಗಿಳಿದರೆ ಇದೆಲ್ಲ ನೀರುಪಾಲು. ಅದರ ಕೆಳಗೆ ಮೀಟರಿಗೊಂದಾದರೂ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಆಧಾರ) ಕೂರಿಸಿ, ನಡೆಯಲು ಹಲಗೆ ಹಾಸಿ. ಕೆಳಗಿನ ಕಂಬಿಗೆ ಜಲ್ಲಿ ಚೂರಿನ ಆಧಾರ ಬೇಡ, ಅಳತೆಯ ಕವರ್ ಬ್ಲಾಕನ್ನೇ ಕಟ್ಟಿಸಿ.

ಸ್ಲ್ಯಾಬನ್ನು ಹೊರುವ ತೊಲೆ ಉಕ್ಕಿನದಾದರೆ ಬೇಗ ಏಳುತ್ತದೆ, ಆದರೆ ಹೊದಿಕೆಯಿಲ್ಲದಿದ್ದರೆ ಅನೇಕ ವೇಳೆ ಅರ್ಧ ಗಂಟೆಯೂ ತಾಳದು. ಜಿಪ್ಸಮ್ ಬೋರ್ಡು ಅಥವಾ ಬೆಂಕಿನಿರೋಧಕ ಲೇಪದ ಖರ್ಚು ಸೇರಿಸಿಯೇ ಹೋಲಿಸಿ. ಮರದ ತೊಲೆ ನಿಮಿಷಕ್ಕೆ ಸುಮಾರು 0.7 ಮಿ.ಮೀ. ಕರಕಲಾಗುತ್ತದೆ, ಒಂದು ಗಂಟೆಗೆ ಬೆಂಕಿ ತಗಲುವ ಪ್ರತಿ ಬದಿಯಲ್ಲೂ 40 ಮಿ.ಮೀ.ಗೂ ಹೆಚ್ಚು ಹೋಗುತ್ತದೆಂದು ಎಣಿಸಿ.

ಕೊನೆಗೆ ಪೈಪಿನ ತೂತು. ಪಿವಿಸಿ ಪೈಪ್ ಕರಗಿ ಜಾಗ ಬಿಟ್ಟರೆ, ಎರಡು ಗಂಟೆಯ ಸ್ಲ್ಯಾಬಿನಲ್ಲೂ ನಿಮಿಷಗಳಲ್ಲೇ ಹೊಗೆ ಮೇಲೇರುತ್ತದೆ. ಪೈಪಿಗೆ ಸ್ಲ್ಯಾಬಿನ ತಳದಲ್ಲಿ, ಬಿಸಿಗೆ ಉಬ್ಬಿ ತೂತು ಮುಚ್ಚುವ ಫೈರ್ ಕಾಲರ್ ಹಾಕಿಸಿ. ಸುತ್ತಲಿನ ಸಂದನ್ನು ಪೂರ್ತಿ ಆಳಕ್ಕೆ ಗಾರೆಯಿಂದ ತುಂಬಿಸಿ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಒಂದೊಂದನ್ನೂ ಟಾರ್ಚ್ ಹಿಡಿದು ನೋಡಿ.