ರೂಬಾರ್ಬ್ ಗಿಡ ಇದ್ದರೆ ಮಕ್ಕಳ ಕೈಲಿ ಏನೇನು ಮಾಡಿಸಬಹುದು

ಇಂಗ್ಲೆಂಡಿನಲ್ಲಿ ಹಳೇ ಮನೆ ತಗೊಂಡರೆ ಎಷ್ಟೋ ಸಲ ಹಿತ್ತಲ ಮೂಲೆಯಲ್ಲಿ ರೂಬಾರ್ಬ್ ಗಿಡ ಇರುತ್ತದೆ. ಕೆಂಪು ದಂಟು, ಕೆಸುವಿನೆಲೆಯಷ್ಟು ದೊಡ್ಡ ಎಲೆ. ಕಳೆ ಅಂದುಕೊಂಡು ಕಿತ್ತು ಹಾಕಬೇಡಿ. ಆ ಚಳಿಯಲ್ಲೂ ಕಣ್ಣೆದುರೇ ಬೆಳೆಯುವ ಗಿಡ ಅದು, ಮಕ್ಕಳಿಗೆ ತೋಟದ ಹುಚ್ಚು ಹಿಡಿಸೋಕೆ ಅದೇ ಸಾಕು.

ಮೊದಲು ಒಂದು ಕಟ್ಟುನಿಟ್ಟಿನ ಮಾತು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಅದು ವಿಷ. ತಿನ್ನೋದು ದಂಟು ಮಾತ್ರ. ನಮ್ಮಲ್ಲಿ ಸೊಪ್ಪು ಅಂದರೆ ಎಲೆಯನ್ನೇ ಬೇಯಿಸುವ ಅಭ್ಯಾಸ ಅಲ್ವಾ, ಅದಕ್ಕೇ ಅಜ್ಜಿ-ತಾತ ಊರಿಂದ ಬಂದಿದ್ದರೆ ಅವರಿಗೂ ಹೇಳಿಡಿ. ದಂಟು ಕಿತ್ತ ಮಗುವೇ ಎಲೆಯನ್ನು ಮುರಿದು ಕಾಂಪೋಸ್ಟಿಗೆ ಹಾಕಿ ಕೈ ತೊಳೆಯಲಿ, ಆಮೇಲೇ ದಂಟು ಅಡುಗೆಮನೆಗೆ ಬರಲಿ.

ಕೀಳೋದಕ್ಕೆ ಏಪ್ರಿಲ್‌ನಿಂದ ಜೂನ್ ಒಳ್ಳೆ ಕಾಲ. ಚಾಕು ಬೇಡ, ಕತ್ತರಿಸಿ ಉಳಿದ ಮೋಟು ಕೊಳೆಯುತ್ತದೆ. ದಂಟಿನ ಬುಡ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಸಲೀಸಾಗಿ ಬರುತ್ತದೆ, ಐದು ವರ್ಷದ ಮಗುವಿಗೂ ಆಗುವ ಕೆಲಸ. ಅರ್ಧ ದಂಟನ್ನಾದರೂ ಗಿಡಕ್ಕೇ ಬಿಡಿ. ಹೊಸದಾಗಿ ನೆಟ್ಟಿದ್ದರೆ ಮೊದಲ ವರ್ಷ ಏನೂ ಕೀಳಬೇಡಿ.

ನನಗೆ ತುಂಬಾ ಇಷ್ಟವಾದ ಆಟ ಬಕೆಟ್ಟಿನದು. ಜನವರಿಯಲ್ಲಿ, ಮೊಗ್ಗು ಇನ್ನೂ ಮಣ್ಣಿನಲ್ಲಿರುವಾಗ, ಗಿಡದ ಮೇಲೆ ಬಕೆಟ್ ಬೋರಲು ಹಾಕಿ ಮೇಲೊಂದು ಕಲ್ಲಿಡಿ. ಒಳಗೆ ಒಂದಿಷ್ಟೂ ಬೆಳಕು ಹೋಗಬಾರದು. ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದಲೇ ಗಿಡ ಬೆಳಕು ಹುಡುಕಿಕೊಂಡು ಏಳುತ್ತದೆ, ಸುಮಾರು ಎಂಟು ವಾರದಲ್ಲಿ ತೆಳು ಗುಲಾಬಿ ಬಣ್ಣದ ಎಳೇ ದಂಟು, ತುದಿಯಲ್ಲಿ ಮುದುಡಿದ ಪುಟ್ಟ ಹಳದಿ ಎಲೆ ಬಂದಿರುತ್ತವೆ. ಇನ್ನೊಂದು ಗಿಡ ಇದ್ದರೆ ಅದನ್ನು ಸುಮ್ನೆ ಬಿಡಿ, ವಾರಕ್ಕೊಮ್ಮೆ ಎರಡನ್ನೂ ಸ್ಕೇಲಿನಲ್ಲಿ ಅಳೆದು ಬರೆಯೋದು ಮಕ್ಕಳ ಕೆಲಸ. ಯಾರ್ಕ್‌ಶೈರ್‌ನ ವೇಕ್‌ಫೀಲ್ಡ್ ಸುತ್ತಮುತ್ತ ರೈತರು ಇದನ್ನೇ ಕತ್ತಲೆ ಶೆಡ್ಡುಗಳಲ್ಲಿ ಮಾಡುತ್ತಾರೆ, ಮೇಣದಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಅಲ್ಲಿ ಸುಮ್ಮನೆ ನಿಂತರೆ ಮೊಗ್ಗು ಪಟಪಟ ಬಿರಿಯುವ ಸದ್ದು ಕಿವಿಗೆ ಬೀಳುತ್ತದೆ. ಇದನ್ನು ಹೇಳಿದರೆ ಮಕ್ಕಳು ಬಕೆಟ್ಟಿಗೆ ಕಿವಿ ಹಚ್ಚದೆ ಬಿಡಲ್ಲ! ಗಿಡಕ್ಕೆ ಎರಡು ವರ್ಷವಾದರೂ ಆಗಿರಬೇಕು, ಮುಂದಿನ ವರ್ಷ ಅದಕ್ಕೆ ರಜೆ ಕೊಡಬೇಕು.

ದೊಡ್ಡ ಎಲೆಯಿಂದ ಹಕ್ಕಿಗಳಿಗೆ ನೀರಿನ ತಟ್ಟೆ ಮಾಡಬಹುದು. ಪ್ಲಾಸ್ಟಿಕ್ ಹಾಳೆ ಮೇಲೆ ಒದ್ದೆ ಮರಳು ಗುಡ್ಡೆ ಮಾಡಿ, ನರ ಇರುವ ಬದಿ ಮೇಲೆ ಬರುವಂತೆ ಎಲೆ ಹರಡಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಗಟ್ಟಿಯಾಗಿ ಕಲಸಿ ಎರಡು-ಮೂರು ಸೆಂಟಿಮೀಟರ್ ದಪ್ಪ ಬಳಿಯಿರಿ. ಸಿಮೆಂಟ್ ಚರ್ಮ ಸುಡುತ್ತದೆ, ಹಾಗಾಗಿ ಇದು ಕೈಗವಸು ಹಾಕಿದ ದೊಡ್ಡವರ ಕೆಲಸ. ಎರಡು ದಿನ ಬಿಟ್ಟು ತಿರುಗಿಸಿ, ಎಲೆ ಸುಲಿಯೋದನ್ನು ಮಕ್ಕಳಿಗೆ ಬಿಡಿ. ಒಂದೊಂದು ನರವೂ ಅಚ್ಚೊತ್ತಿರುತ್ತದೆ.

ಅಡುಗೆಮನೆಯಲ್ಲಿ ಮೊದಲ ರುಚಿ ಇಂಗ್ಲೆಂಡಿನ ಮಕ್ಕಳ ಹಾಗೆಯೇ ಆಗಲಿ. ತೊಳೆದ ಎಳೇ ದಂಟನ್ನು ಸಕ್ಕರೆಯಲ್ಲಿ ಅದ್ದಿ ಕಚ್ಚೋದು, ಅಷ್ಟೇ. ಹುಳಿಗೆ ಕಣ್ಣು ಮುಚ್ಚಿಹೋಗುತ್ತದೆ.

ಆಮೇಲೆ ಗೊಜ್ಜು. ಕಾಲು ಕಿಲೋ ದಂಟನ್ನು ಮಕ್ಕಳೇ ಬೆರಳಗಲ ಹೆಚ್ಚಲಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ, ಅರಿಶಿನ, ಉಪ್ಪು, ಒಂದು ಚಮಚ ಸಾರಿನ ಪುಡಿ, ಧಾರಾಳವಾಗಿ ಬೆಲ್ಲ. ನೀರು ಎರಡು ಚಮಚ ಸಾಕು, ದಂಟೇ ನೀರು ಬಿಡುತ್ತದೆ. ಹತ್ತು ನಿಮಿಷದೊಳಗೆ ಕರಗಿ ಮುದ್ದೆಯಾಗುತ್ತದೆ, ಹುಣಸೆಹಣ್ಣು ಬೇಕಾಗಿಲ್ಲ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯುಮಿನಿಯಂ ಈ ಹುಳಿಗೆ ಆಗಿಬರಲ್ಲ.

ಒಂದೆರಡು ದಂಟನ್ನು ಬರೀ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಆ ನೀರಿಗೆ ಕಪ್ಪಾದ ಎರಡು ಪೆನ್ನಿ ನಾಣ್ಯ ಹಾಕಿಡಿ. ಹುಳಿ ತಾಮ್ರದ ಮೇಲಿನ ಕಿಲುಬು ಬಿಡಿಸುತ್ತದೆ, ಬೆಳಿಗ್ಗೆ ನೋಡಿದರೆ ಹೊಳೆಯುತ್ತಿರುತ್ತದೆ. ಆ ನೀರನ್ನು ಚೆಲ್ಲಿಬಿಡಿ.

ಮಿಕ್ಕ ದಂಟನ್ನು ಹೆಚ್ಚಿ ಹಸಿಯಾಗಿಯೇ ಫ್ರೀಜರಿಗೆ ಹಾಕಿ, ಡಿಸೆಂಬರಿನಲ್ಲಿ ಇನ್ನೊಂದು ಸಲ ಗೊಜ್ಜಿಗೆ ಆಗುತ್ತದೆ.