ಕಿವಿ ಮಿಷನ್‌ಗೆ ವೈರ್‌ಲೆಸ್ ಮೈಕ್: ಸಿಕ್ಕಿಸುವುದು ಎಲ್ಲಿ, ಬಳಸುವುದು ಹೇಗೆ?

ಮನೆಯಲ್ಲಿ ಎದುರು ಕೂತು ಮಾತಾಡಿದರೆ ಎಲ್ಲ ಕೇಳುತ್ತದೆ, ಮದುವೆ ಹಾಲ್‌ಗೆ ಹೋದರೆ ಏನೂ ಗೊತ್ತಾಗುವುದಿಲ್ಲ. ಕಿವಿಗೆ ಮಿಷನ್ (ಹಿಯರಿಂಗ್ ಏಡ್) ಹಾಕಿಕೊಳ್ಳುವವರು ಹೆಚ್ಚಾಗಿ ಹೇಳುವ ಮಾತು ಇದು. ಮಿಷನ್ ಹಾಳಾಗಿದೆ ಅಂತಲ್ಲ. ಅದರ ಮೈಕ್ ಇರುವುದು ಕೇಳುವವರ ಕಿವಿಯಲ್ಲಿ. ಒಂದೆರಡು ಮೀಟರ್ ಒಳಗಿನ ಮಾತನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ದೂರ ಎರಡು ಪಟ್ಟಾದಾಗಲೆಲ್ಲ ಮಾತಿನ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಪಕ್ಕದಲ್ಲೇ ಇರುವ ಫ್ಯಾನು, ಪಾತ್ರೆ, ಮಕ್ಕಳ ಗಲಾಟೆ ಮಾತ್ರ ಇದ್ದ ಹಾಗೇ ಇರುತ್ತದೆ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ.

ಇದಕ್ಕೆಂದೇ ಇರುವುದು ವೈರ್‌ಲೆಸ್ ಮೈಕ್. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಮಾತಾಡುವವರ ಬಾಯಿಯ ಹತ್ತಿರವೇ ಮಾತನ್ನು ಹಿಡಿದು, ರೇಡಿಯೋ ಅಲೆಯ ಮೂಲಕ ನೇರವಾಗಿ ಕಿವಿಯ ಮಿಷನ್‌ಗೆ ಕಳಿಸುತ್ತದೆ. ಇಷ್ಟು ಒಳ್ಳೆಯ ವಸ್ತು ಎಷ್ಟೋ ಮನೆಗಳಲ್ಲಿ ಕಪಾಟಿನೊಳಗೆ ಬಿದ್ದಿರುವುದನ್ನು ನೋಡಿದ್ದೇನೆ. 'ಅದು ಪ್ರಯೋಜನ ಇಲ್ಲ' ಅನ್ನುತ್ತಾರೆ. ಕೂತು ವಿಚಾರಿಸಿದರೆ, ಹೆಚ್ಚಿನವರು ಸಿಕ್ಕಿಸಬಾರದ ಜಾಗದಲ್ಲಿ ಸಿಕ್ಕಿಸಿರುತ್ತಾರೆ.

ಮೊದಲು ಖರೀದಿಯ ವಿಚಾರ. ಎಲ್ಲ ಮೈಕ್ ಎಲ್ಲ ಮಿಷನ್‌ಗೂ ಆಗುವುದಿಲ್ಲ. ರಿಸೌಂಡ್‌ನ ಮಲ್ಟಿ ಮೈಕ್, ಓಟಿಕಾನ್‌ನ ಕನೆಕ್ಟ್‌ಕ್ಲಿಪ್ ಇವೆಲ್ಲ ಆಯಾ ಕಂಪನಿಯ ಮಿಷನ್‌ಗೆಂದೇ ಮಾಡಿದವು. ಫೋನಾಕ್‌ನ ರೋಜರ್ ಮೈಕ್ ಅನ್ನು ಬೇರೆ ಕಂಪನಿಯ ಮಿಷನ್ ಇರುವವರೂ ಕುತ್ತಿಗೆಗೆ ಹಾಕುವ ಲೂಪ್ ಮೂಲಕ ಕೇಳಬಹುದು. ಆದರೆ ಆ ಮಿಷನ್‌ನಲ್ಲಿ ಟೆಲಿಕಾಯಿಲ್, ಅಂದರೆ ಲೂಪಿನ ಕಾಂತೀಯ ಸಂಕೇತ ಹಿಡಿಯುವ ಪುಟ್ಟ ಸುರುಳಿ, ಇರಬೇಕು. ಕಿವಿಯೊಳಗೇ ಕೂರುವ ತೀರಾ ಚಿಕ್ಕ ಮಿಷನ್‌ಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಮಿಷನ್‌ನ ಮಾಡೆಲ್ ಹೆಸರು ಬರೆದುಕೊಂಡು ಹೋಗಿ ಕೇಳಿ. ವಿಡಿಯೋ ಮಾಡುವವರಿಗಾಗಿ ಮೊಬೈಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಕಾಲರ್ ಮೈಕ್ ಬೇಡವೇ ಬೇಡ. ಅದರ ರಿಸೀವರ್ ಫೋನಿಗೆ ಚುಚ್ಚುವಂಥದ್ದು, ಕಿವಿಯ ಮಿಷನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅಮೆರಿಕದಿಂದಲೋ ದುಬೈಯಿಂದಲೋ ಮಗ ಕಳಿಸಿದ ಮೈಕ್ ಕೂಡ ಇಲ್ಲಿನ ಮಿಷನ್‌ಗೆ ಹೊಂದುತ್ತದೆ ಅಂತ ಹೇಳಲಿಕ್ಕಾಗದು.

ದುಡ್ಡು ಹಾಕುವ ಮೊದಲು ಒಂದು ಸುಲಭದ ಪರೀಕ್ಷೆ ಉಂಟು. ಮನೆಯಲ್ಲಿ ಐಫೋನ್ ಇದ್ದು, ಮಿಷನ್ ಅದಕ್ಕೆ ನೇರವಾಗಿ ಕನೆಕ್ಟ್ ಆಗುವಂಥದ್ದಾದರೆ, 'ಲೈವ್ ಲಿಸನ್' ಆನ್ ಮಾಡಿ ಫೋನನ್ನು ಮಾತಾಡುವವರ ಎದುರು ಇಡಿ. ಫೋನೇ ಮೈಕ್ ಆಗುತ್ತದೆ. ದಿನವೂ ಬಳಸಲಿಕ್ಕೆ ಇದು ನನಗೆ ಇಷ್ಟವಿಲ್ಲ, ನಡುವೆ ಕರೆ ಬಂದರೆ ಕೆಟ್ಟಿತು. ಆದರೆ ಬಾಯಿಯ ಹತ್ತಿರ ಮೈಕ್ ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಖರ್ಚಿಲ್ಲದೆ ಗೊತ್ತಾಗುತ್ತದೆ.

ಜೋಡಣೆ ಒಂದು ಸಲದ ಕೆಲಸ. ಮೈಕ್ ಆನ್ ಮಾಡಿ, ಜೋಡಣೆಯ ಗುಂಡಿ ಒತ್ತಿ, ಎರಡೂ ಕಿವಿಯ ಮಿಷನ್ ಆಫ್ ಮಾಡಿ ಆನ್ ಮಾಡಿ, ಮೈಕ್ ಪಕ್ಕದಲ್ಲೇ ಇಡಿ. ಕ್ರಮ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಒಂದೇ ಕಿವಿಗೆ ಜೋಡಿಸಿ ಬಿಟ್ಟವರು ತುಂಬ ಜನ ಇದ್ದಾರೆ. ಎರಡರಲ್ಲೂ ಕೇಳುತ್ತದಾ ನೋಡಿ.

ಇನ್ನು ಮುಖ್ಯ ವಿಷಯ, ಸಿಕ್ಕಿಸುವುದು.

ಮೈಕ್ ಇರಬೇಕಾದ್ದು ಮಾತಾಡುವವರ ಮೈಮೇಲೆ. ಹೇಳಲಿಕ್ಕೆ ಸಣ್ಣ ಮಾತು, ಆದರೆ ಜಾಸ್ತಿ ಜನ ತಪ್ಪುವುದು ಇಲ್ಲೇ. ಒಬ್ಬರು ದೊಡ್ಡಮ್ಮ ಮದುವೆಯ ಊಟದ ಹೊತ್ತಿಗೆ ಅದನ್ನು ತಮ್ಮ ಸೆರಗಿಗೇ ಸಿಕ್ಕಿಸಿಕೊಂಡು ಕೂತಿದ್ದರು. ಹಪ್ಪಳ ಮುರಿದ ಸದ್ದು, ಬಳೆಯ ಸದ್ದು, ತಾವೇ ಅಗಿಯುವ ಸದ್ದು ಎಲ್ಲ ತಲೆಯೊಳಗೆ ಬಂದು ಸಾಕಾಗಿ ಹೋಗಿತ್ತು. ಎದುರು ಕೂತ ತಂಗಿಯ ಸೆರಗಿಗೆ ಅದನ್ನೇ ದಾಟಿಸಿದ ಕೂಡಲೇ ಇಬ್ಬರೂ ಮಾತಿಗೆ ಕೂತರು.

ಬಾಯಿಯಿಂದ ಕೆಳಗೆ 15ರಿಂದ 20 ಸೆಂಟಿಮೀಟರ್, ಅಂದರೆ ಒಂದು ಗೇಣಿನೊಳಗೆ ಇರಲಿ. ಹೊಟ್ಟೆಯ ಹತ್ತಿರ ಇಳಿಸಿದರೆ ಮಾತು ಸಣ್ಣದಾಗುತ್ತದೆ. ಗದ್ದಕ್ಕೆ ತಾಗುವಷ್ಟು ಮೇಲಿಟ್ಟರೆ ಉಸಿರಿನ ಸದ್ದು ಹೊಡೆಯುತ್ತದೆ. ಎದೆಯ ನಡುವಿಗೇ ಹಾಕಿ. ಒಂದು ಹೆಗಲಿಗೆ ಹಾಕಿದರೆ, ಕ್ಲಾಸಿನಲ್ಲಿ ಟೀಚರ್ ಬೋರ್ಡಿನ ಕಡೆ ತಿರುಗಿದಾಗ ಮಿಷನ್ ಹಾಕಿದ ಮಗುವಿಗೆ ಅರ್ಧ ಪಾಠ ಹೋಗುತ್ತದೆ. ಮೈಕ್‌ನ ತೂತುಗಳು ಬಾಯಿಯ ಕಡೆಗೆ, ಮೇಲ್ಮುಖವಾಗಿ ಇರಬೇಕು. ಇದಕ್ಕೆ ಕಾರಣ ಉಂಟು. ಕೆಲವು ಮೈಕ್‌ಗಳು ತಾವು ಹೇಗೆ ಇದ್ದೇವೆ ಅಂತ ತಾವೇ ತಿಳಿದುಕೊಳ್ಳುತ್ತವೆ. ನೆಟ್ಟಗೆ ನೇತಾಡುತ್ತಿದ್ದರೆ ಒಬ್ಬರ ಬಾಯಿಯ ಮಾತನ್ನು ಮಾತ್ರ ಹಿಡಿಯುತ್ತವೆ, ಮೇಜಿನ ಮೇಲೆ ಮಲಗಿಸಿದರೆ ಸುತ್ತಲಿನ ಎಲ್ಲವನ್ನೂ. ಸೆರಗು ಜಾರಿ ಮೈಕ್ ಅಡ್ಡ ಬಿದ್ದರೆ ಅದು ಮೇಜಿನ ಮೇಲಿದ್ದೇನೆ ಅಂದುಕೊಂಡು ಇಡೀ ಕ್ಲಾಸಿನ ಗದ್ದಲ ಕಳಿಸುತ್ತದೆ.

ನಮ್ಮ ಉಡುಪು ಈ ಮೈಕ್‌ಗೆ ಸ್ವಲ್ಪ ಕಷ್ಟವೇ. ಸೀರೆಗೆ ಸಿಕ್ಕಿಸುವಾಗ ನೆರಿಗೆಯ ಒಳಗೆ ಹೋಗಬಾರದು. ಸೆರಗಿನ ಮೇಲಿನ ಪದರಕ್ಕೆ, ಪಿನ್ ಹಾಕಿದ ಜಾಗದ ಹತ್ತಿರ ಹಾಕಿದರೆ ಅಲುಗುವುದಿಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ಹೊಸ ರೇಷ್ಮೆ ಸೀರೆ ಪರಪರ ಅನ್ನುತ್ತದೆ. ಅಂಥ ದಿನ ಕುತ್ತಿಗೆಗೆ ಹಾಕುವ ದಾರವೇ ವಾಸಿ. ಕರಿಮಣಿ ಸರ ಇನ್ನೊಂದು ಸಮಸ್ಯೆ. ಒಬ್ಬ ಹುಡುಗ ಗಣಿತದ ಕ್ಲಾಸಿನಲ್ಲಿ ಮಾತ್ರ ಮಿಷನ್ ತೆಗೆದಿಡುತ್ತಿದ್ದ. ಲೆಕ್ಕ ಇಷ್ಟವಿಲ್ಲ ಅಂತ ಎಲ್ಲರೂ ಬೈದರು. ಕೊನೆಗೆ ಅವನೇ ಹೇಳಿದ: 'ಟೀಚರ್ ಬಗ್ಗಿದರೆ ಕರಿಮಣಿ ಟಕ್ ಟಕ್ ಅಂತ ಕಿವಿಗೆ ಬಡೀತದೆ.' ಸರವನ್ನು ಸೆರಗಿನ ಒಳಗೆ ಹಾಕಿಕೊಂಡ ಮೇಲೆ ಸರಿಯಾಯಿತು. ಚೂಡಿದಾರಿನ ವೇಲ್ ಕೂಡ ಮೈಕ್ ಮೇಲೆ ಬೀಳದ ಹಾಗೆ ಪಿನ್ ಮಾಡಬೇಕು. ಅಂಗಿ ಇಲ್ಲದೆ ಶಾಲು ಹೊದ್ದು ಕೂರುವ ಪುರೋಹಿತರಿಗೆ ದಾರ ಹಾಕಿ ಕೊಡಿ, ಶಾಲಿಗೆ ಸಿಕ್ಕಿಸಿದರೆ ನಿಲ್ಲುವುದಿಲ್ಲ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲ ಬದಿಗೆ ಹೋದರೆ, ಮಾತಾಡುವವರು ಗಾಳಿಗೆ ಬೆನ್ನು ಹಾಕಿ ನಿಲ್ಲಲಿ.

ಮ್ಯೂಟ್ ಗುಂಡಿ ಎಲ್ಲಿದೆ ಅಂತ ಮೈಕ್ ಹಾಕಿಕೊಳ್ಳುವವರಿಗೆ ತೋರಿಸಿಯೇ ಕೊಡಿ. ಸ್ಟಾಫ್ ರೂಮಿನ ಮಾತು ಮಗುವಿಗೆ ಕೇಳಬಾರದು ಅಲ್ವಾ?

ಹೋಟೆಲಿನಲ್ಲಿ ಮೂರು ನಾಲ್ಕು ಜನ ಇದ್ದರೆ ಮೇಜಿನ ನಡುವೆ ಮಲಗಿಸಿಡಿ, ಕೆಳಗೆ ಮಡಚಿದ ಕರವಸ್ತ್ರ ಹಾಕಿ. ಕಲ್ಲಿನ ಮೇಜಿಗೆ ಸ್ಟೀಲ್ ಲೋಟ ಕುಟ್ಟಿದರೆ ಅದು ನೇರ ಕಿವಿಗೆ ಹೋಗುತ್ತದೆ. ಹತ್ತು ಜನರ ಮೇಜಿಗೆ ಇದು ಸಾಲದು. ಅಲ್ಲಿ ಯಾರ ಮಾತು ಬೇಕೋ ಅವರಿಗೇ ಹಾಕಿ.

ಪ್ರವಚನ, ಯಕ್ಷಗಾನ, ಇಗರ್ಜಿಯ (ಚರ್ಚಿನ) ಪೂಜೆಯಂಥ ಕಡೆ ಹೇಗೂ ಮೈಕ್‌ಸೆಟ್ ಇರುತ್ತದೆ. ಸ್ಪೀಕರ್ ಪೆಟ್ಟಿಗೆಯ ಎದುರು ನಿಮ್ಮ ಮೈಕ್ ಇಡುವುದು ಅರೆಬರೆ ಕೆಲಸ, ಹಾಲಿನ ಮಾರ್ದನಿಯೂ ಒಟ್ಟಿಗೆ ಬರುತ್ತದೆ. ನಿಮ್ಮ ಮೈಕ್‌ನಲ್ಲಿ ಲೈನ್ ಇನ್ (ಹೊರಗಿನ ಸದ್ದಿನ ಕೇಬಲ್ ಚುಚ್ಚುವ) ತೂತು ಇದ್ದರೆ, ಮಿಕ್ಸರ್‌ನ ಲೈನ್ ಔಟ್‌ನಿಂದ ಒಂದು ಕೇಬಲ್ ಕೊಡಲು ಸೌಂಡಿನವರನ್ನು ಕೇಳಿ. ಯಕ್ಷಗಾನದ ಆಟ ಶುರುವಾಗುವ ಮೊದಲೇ ಹೋಗಿ 'ಅಣ್ಣಾ, ಅಪ್ಪನಿಗೆ ಕಿವಿ ಕೇಳುವುದಿಲ್ಲ, ಒಂದು ಲೈನ್ ಕೊಡ್ತೀರಾ?' ಅಂದರೆ ಇಲ್ಲ ಅನ್ನುವವರು ಕಡಿಮೆ. ಮೊದಲು ವಾಲ್ಯೂಮ್ ಪೂರಾ ಇಳಿಸಿಟ್ಟು, ಚೆಂಡೆ ಬಿದ್ದಾಗ ನೋಡಿಕೊಂಡು ನಿಧಾನಕ್ಕೆ ಏರಿಸಿ. ಕೂರುವ ಜಾಗವೂ ಮುಖ್ಯ. ಇಂಥ ಮೈಕ್‌ಗಳು ಹೆಚ್ಚಿನವು ವೈಫೈಯ ಹಾಗೆ 2.4 ಗಿಗಾಹರ್ಟ್ಸ್ ಅಲೆಯಲ್ಲಿ ನಡೆಯುತ್ತವೆ. ಮನುಷ್ಯರ ಮೈ ಆ ಅಲೆಯನ್ನು ಹೀರುತ್ತದೆ. ನಡುವೆ ಜನ, ಗೋಡೆ, ಕಂಬ ಇದ್ದರೆ ಡಬ್ಬಿಯ ಮೇಲೆ ಬರೆದಷ್ಟು ದೂರ ಸಿಗುವುದಿಲ್ಲ.

ಸರಿ ಇದೆಯಾ ಅಂತ ನೋಡಲು 'ಕೇಳ್ತದಾ?' ಅಂತ ಕೇಳಬೇಡಿ. ಅಜ್ಜ ಸುಮ್ನೆ ಹೂಂ ಅನ್ನುತ್ತಾರೆ. ಮೈಕ್ ಹಾಕಿಕೊಂಡು ಅವರ ಬೆನ್ನ ಹಿಂದೆ ಹೋಗಿ, ತುಟಿ ಕಾಣದ ಹಾಗೆ ಆ, ಈ, ಊ, ಮ್, ಶ್, ಸ್ ಈ ಆರು ಸದ್ದುಗಳನ್ನು ಒಂದೊಂದಾಗಿ ಹೇಳಿ. ನಡುನಡುವೆ ಹೊತ್ತು ಬಿಡಿ, ಕ್ರಮ ಬದಲಿಸಿ. ಕೇಳಿದ್ದನ್ನು ಅವರು ತಿರುಗಿ ಹೇಳಲಿ. ಮಾತಿನ ದಪ್ಪ ಸದ್ದಿನಿಂದ ತೆಳು ಸದ್ದಿನವರೆಗೆ ಎಲ್ಲ ಈ ಆರರಲ್ಲಿ ಬರುತ್ತದೆ. 'ಸ್' ತಪ್ಪಿದರೆ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸುವವರು) ಹತ್ತಿರ ಹೋಗಿ. ಮಂಗಳೂರಲ್ಲೂ ಮಣಿಪಾಲದಲ್ಲೂ ವಾಕ್-ಶ್ರವಣ ಕಾಲೇಜುಗಳೇ ಇವೆ. ಮಿಷನ್, ಮೈಕ್ ಎರಡನ್ನೂ ಒಯ್ಯಿರಿ. ಮೈಕ್ ನಡೆಯುವಾಗ ಮಿಷನ್‌ನ ಸ್ವಂತ ಮೈಕ್ ಎಷ್ಟು ಕೇಳಬೇಕು ಅಂತ ಅವರು ಹೊಂದಿಸಿ ಕೊಡುತ್ತಾರೆ. ಅದನ್ನು ಪೂರಾ ಬಂದ್ ಮಾಡಿಸಬೇಡಿ. ಮಗುವಿಗೆ ಪಕ್ಕದ ಬೆಂಚಿನವರ ಮಾತೂ ಬೇಕು, ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಲೇಬೇಕು.

ರಾತ್ರಿ ಮೈಕ್ ಚಾರ್ಜಿಗೆ ಇಡಿ. ನಮ್ಮ ಊರಿನ ಮಳೆಗಾಲದಲ್ಲಿ ಮಿಷನ್ ಸಿಲಿಕಾ ಜೆಲ್ ಡಬ್ಬಿಯಲ್ಲೇ ಮಲಗಲಿ. ಸೆಲ್ ಹಾಕುವ ಮಿಷನ್ ಆದರೆ ಸೆಲ್ ತೆಗೆದು ಹೊರಗಿಡಿ, ಒಣ ಡಬ್ಬಿಯಲ್ಲಿ ಅದು ಬೇಗ ಸಾಯುತ್ತದೆ. ವೈರ್‌ಲೆಸ್ ಮೈಕ್ ಬಳಸಿದ ದಿನ ಸೆಲ್ ಬೇಗ ಮುಗಿಯುವುದೂ ಸಹಜ. ಹೊರಗೆ ಹೋಗುವಾಗ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.