60 ಓಮ್ ಬಂದರೆ ಸರಿ: ಕ್ಯಾನ್ ವೈರಿಂಗ್ ದೋಷವನ್ನು ನಾನು ಹುಡುಕುವ ಬಗೆ

ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್), ಸ್ಟೀರಿಂಗ್, ಇಮ್ಮೊಬಿಲೈಸರ್ (ಕೀ ಗುರುತಿಸುವ ಕಾವಲು) ಲೈಟುಗಳೆಲ್ಲ ಒಟ್ಟಿಗೆ ಉರಿಯುತ್ತಿದ್ದರೆ ಗಾಡಿ ಮಾಲೀಕರ ಮುಖ ಬಾಡಿರುತ್ತದೆ. ನನಗೆ ಮಾತ್ರ ಒಂದೇ ಲೈಟು ಉರಿಯುವ ಗಾಡಿಗಿಂತ ಇದೇ ವಾಸಿ ಅನ್ನಿಸುತ್ತದೆ. ಇವನ್ನು ನಡೆಸುವ ಮೂರು ಯೂನಿಟ್‌ಗಳು, ಅಂದರೆ ಸಣ್ಣ ಕಂಪ್ಯೂಟರುಗಳು, ಮಾತಾಡಿಕೊಂಡು ಒಂದೇ ದಿನ ಕೆಡುವುದಿಲ್ಲ. ಹೆಚ್ಚಾಗಿ ಅವುಗಳ ನಡುವೆ ಸಂದೇಶ ಒಯ್ಯುವ, ಕ್ಯಾನ್ ಅನ್ನುವ ಎರಡು ವೈರುಗಳಲ್ಲಿ ಎಲ್ಲೋ ಒಂದು ಕಡೆ ತೊಂದರೆ ಇರುತ್ತದೆ. ಅದನ್ನು ಹುಡುಕಲು ನಾನು ಮೊದಲು ಕೈಗೆತ್ತಿಕೊಳ್ಳುವುದು ದೋಷದ ಕೋಡ್ ಓದುವ ಸ್ಕ್ಯಾನರ್ ಅಲ್ಲ, ಮಲ್ಟಿಮೀಟರ್. ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತೇನೆ. ಮಲೆನಾಡಿನ ಮಳೆ ಮತ್ತು ಇಲಿ ಎರಡೂ ನಮಗೆ ಕೆಲಸ ಕೊಡುತ್ತಲೇ ಇರುತ್ತವೆ.

ಹಳೇ ಗಾಡಿಗಳಲ್ಲಿ ಸ್ವಿಚ್ಚಿಗೊಂದು ವೈರು, ಬಲ್ಬಿಗೊಂದು ವೈರು. ಹಿಡಿದುಕೊಂಡು ಹೋದರೆ ದೋಷ ಸಿಗುತ್ತಿತ್ತು. ಈಗಿನ ಕಾರಿನಲ್ಲಿ ಚಕ್ರದ ಸೆನ್ಸರಿನ ವೈರು ಹೋಗುವುದು ಎಬಿಎಸ್ ಯೂನಿಟ್‌ಗೆ. ಅದು ವೇಗದ ಲೆಕ್ಕ ಹಾಕಿ ಒಂದು ಸಂದೇಶ ಕಳಿಸುತ್ತದೆ. ಆ ಒಂದೇ ಸಂದೇಶದಿಂದ ಮೀಟರಿನ ಮುಳ್ಳು ಏಳುತ್ತದೆ, ಸ್ಟೀರಿಂಗ್ ಎಷ್ಟು ಹಗುರಾಗಬೇಕು ಅಂತ ತೀರ್ಮಾನವಾಗುತ್ತದೆ, ಬಾಗಿಲು ತಾನೇ ಲಾಕ್ ಆಗುತ್ತದೆ. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರುಮಾಡಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಪರಿಚಯಿಸಿದ ಈ ವ್ಯವಸ್ಥೆಯ ಹೆಸರು ಕ್ಯಾನ್. 1990ರ ದಶಕದ ಶುರುವಿನಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಂಥ ದುಬಾರಿ ಗಾಡಿಯಲ್ಲಿದ್ದದ್ದು ಈಗ ನಮ್ಮೂರಿನ ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲೂ ಇದೆ.

ಇದರಲ್ಲಿ ಕ್ಯಾನ್-ಹೈ, ಕ್ಯಾನ್-ಲೋ ಅಂತ ಎರಡು ವೈರು, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಯಾರೂ ಮಾತಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಸೊನ್ನೆ ಕಳಿಸಬೇಕಾದಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವ ಯೂನಿಟ್ ನೋಡುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಎಬ್ಬಿಸುವ ಗದ್ದಲ ಹೆಣೆದ ಎರಡೂ ವೈರಿಗೆ ಹೆಚ್ಚುಕಡಿಮೆ ಸಮವಾಗಿ ತಟ್ಟುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಹೆಣಿಗೆ ಬಿಚ್ಚಿ ಇನ್ಸುಲೇಷನ್ ಟೇಪ್ ಸುತ್ತಿ ಬಿಡುವ ರಿಪೇರಿ ನೋಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನನಗೆ ತುಂಬ ಹಿಡಿಸಿದ್ದು ಸರದಿಯ ಏರ್ಪಾಡು. ಇಲ್ಲಿ ಯಜಮಾನ ಯೂನಿಟ್ ಅಂತ ಯಾವುದೂ ಇಲ್ಲ. ಪ್ರತಿ ಸಂದೇಶಕ್ಕೂ ಮುಂದುಗಡೆ ಒಂದು ನಂಬರ್ ಇರುತ್ತದೆ, ಸಾಮಾನ್ಯವಾಗಿ 11 ಬಿಟ್‌ನದು, ಅಂದರೆ ಸಾಲಾಗಿ 11 ಸೊನ್ನೆ-ಒಂದುಗಳದು. ಇಬ್ಬರು ಒಟ್ಟಿಗೆ ಶುರುಮಾಡಿದರೆ ಇಬ್ಬರೂ ತಮ್ಮ ನಂಬರನ್ನು ಬಿಟ್ ಬಿಟ್ಟಾಗಿ ಕಳಿಸುತ್ತ, ವೈರಿನಲ್ಲಿ ಏನಿದೆ ಅಂತ ನೋಡುತ್ತಲೂ ಇರುತ್ತಾರೆ. 0 ಬಂದರೆ 1 ಅಡಗಿಹೋಗುತ್ತದೆ. ತಾನು 1 ಕಳಿಸಿದ್ದಾಗ ವೈರಿನಲ್ಲಿ 0 ಕಂಡವನು ಅಲ್ಲೇ ಸುಮ್ಮನಾಗುತ್ತಾನೆ. ಚಿಕ್ಕ ನಂಬರಿನವನಿಗೆ ಪೈಪೋಟಿ ನಡೆದದ್ದೇ ಗೊತ್ತಾಗುವುದಿಲ್ಲ, ಅವನ ಸಂದೇಶ ಒಂದು ಬಿಟ್ಟೂ ಕೆಡದೆ ಹೋಗುತ್ತದೆ. ಅದಕ್ಕೇ ತುರ್ತಿನ ಸಂದೇಶಗಳಿಗೆ ಚಿಕ್ಕ ನಂಬರ್, ತಡವಾದರೂ ನಡೆಯುವಂಥವಕ್ಕೆ ದೊಡ್ಡದು. ಯಾರೇ ಕಳಿಸಿದರೂ ಎಲ್ಲರಿಗೂ ಕೇಳಿಸುತ್ತದೆ; ಊರ ಕಟ್ಟೆಯ ಮಾತಿನ ಹಾಗೆ, ಬೇಕಾದವರು ಕಿವಿಗೊಡುತ್ತಾರೆ.

ಓದಿದ್ದು ತಲೆಗೆ ಹತ್ತಿದ್ದು ನನ್ನದೇ ಕಾರಿಗೆ ಕಿವಿಗೊಟ್ಟಾಗ. ಎಂಸಿಪಿ2515 ಚಿಪ್ ಇರುವ ಸಣ್ಣ ಬೋರ್ಡು, ಜೊತೆಗೊಂದು ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡು) ತಗೊಂಡೆ. ಸ್ಕ್ಯಾನರ್ ಚುಚ್ಚುವ ಒಬಿಡಿ ಪೋರ್ಟಿನ 6ನೇ ಪಿನ್ ಕ್ಯಾನ್-ಹೈ, 14ನೇದು ಕ್ಯಾನ್-ಲೋ. ಆ ಚಿಪ್ಪಿನ ಬೋರ್ಡಿನ ಮೇಲೆ 120 ಓಮ್ ರೆಸಿಸ್ಟರಿನ ಜಂಪರ್ (ಸಣ್ಣ ಕೊಂಡಿ) ಒಂದಿರುತ್ತದೆ, ಕಾರಿಗೆ ಹಾಕುವ ಮೊದಲು ಅದನ್ನು ತೆಗೆಯಬೇಕು; ಕಾರಣ ಮುಂದೆ ಬರುತ್ತದೆ. ಚಿಪ್ಪನ್ನು ‘ಲಿಸನ್ ಓನ್ಲಿ’ಯಲ್ಲಿಟ್ಟರೆ ಅದು ವೈರಿನ ಮೇಲೆ ತುಟಿ ಪಿಟಕ್ಕೆನ್ನುವುದಿಲ್ಲ. ಕೀ ಆನ್ ಮಾಡಿದರೆ ಸಾಲು ಸಾಲು ಅಂಕಿ ಸುರಿಯುತ್ತದೆ. ಎಲ್ಲವನ್ನೂ ಅರ್ಥಮಾಡಿಕೊಳ್ಳಲು ಹೋಗದೆ, ಚಾಲಕನ ಬಾಗಿಲು ತೆಗೆದು ಹಾಕಿ, ಯಾವ ಬೈಟು (ಎಂಟು ಬಿಟ್‌ಗಳ ಗುಂಪು) ಬದಲಾಯಿತು ಅಂತ ಮಾತ್ರ ನೋಡಿದೆ. ಒಂದು ಸಂದೇಶದಲ್ಲಿ ಒಂದೇ ಒಂದು ಬಿಟ್ ಮೇಲೆ ಕೆಳಗೆ ಆಡುತ್ತಿತ್ತು. ಆಮೇಲೆ ಬೋರ್ಡಿಗೆ ಮಾತಾಡಲೂ ಅವಕಾಶ ಕೊಟ್ಟು ಇಂಜಿನ್ ಆರ್‌ಪಿಎಂ ಕೇಳಿದೆ. ಸ್ಕ್ಯಾನರ್ ಕೇಳುವ ಪ್ರಶ್ನೆ 7ಡಿಎಫ್ ನಂಬರಿನಲ್ಲಿ ಹೋಗುತ್ತದೆ, ಇಂಜಿನ್ ನಡೆಸುವ ಯೂನಿಟ್ ಆದ ಇಸಿಯು ಉತ್ತರ ಸಾಮಾನ್ಯವಾಗಿ 7ಇ8ರಲ್ಲಿ ಬರುತ್ತದೆ. ಉತ್ತರದ ಎರಡು ಬೈಟು 13 ಮತ್ತು 72 ಬಂದರೆ, 13ನ್ನು 256ರಿಂದ ಗುಣಿಸಿ, 72 ಕೂಡಿಸಿ, ನಾಲ್ಕರಿಂದ ಭಾಗಿಸಬೇಕು: 850 ಆರ್‌ಪಿಎಂ. ಮೀಟರಿನ ಮುಳ್ಳೂ ಅಲ್ಲೇ ನಿಂತಿತ್ತು. ಮುಂಚೆ ನಂಬದಿದ್ದವನಲ್ಲ, ಆದರೂ ಕೈಯಾರೆ ಲೆಕ್ಕ ಹಾಕಿ ತಾಳೆಯಾದಾಗಿನ ಖುಷಿ ಬೇರೆ.

ಇನ್ನು ಹೊಸನಗರ ಕಡೆಯಿಂದ ಟೋ ಮಾಡಿಕೊಂಡು ಬಂದ ಒಂದು ಹ್ಯಾಚ್‌ಬ್ಯಾಕ್ ವಿಷಯ. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹತ್ತುವುದಿಲ್ಲ, ಲೈಟುಗಳ ಜಾತ್ರೆ. ಬೇರೊಂದು ಗ್ಯಾರೇಜಿನವರು ಎಬಿಎಸ್ ಯೂನಿಟ್ ಹೋಗಿದೆ, ಹೊಸದು ಹಾಕಬೇಕು ಅಂದಿದ್ದರಂತೆ. ಅವರು ಹಾಗಂದದ್ದಕ್ಕೆ ಕಾರಣವೂ ಇತ್ತು, ಸ್ಟೀರಿಂಗ್ ಯೂನಿಟ್‌ನಲ್ಲಿ ಯು0121 ಕೋಡ್ ಕೂತಿತ್ತು. ಆದರೆ ಆ ಕೋಡಿನ ಅರ್ಥ ಎಬಿಎಸ್ ಕೆಟ್ಟಿದೆ ಅಂತಲ್ಲ, ಎಬಿಎಸ್‌ನಿಂದ ಸುದ್ದಿ ಬರುತ್ತಿಲ್ಲ ಅಂತ. ಜೊತೆಗೆ ಯು0100 ಕೂಡ ಇತ್ತು, ಅಂದರೆ ಇಂಜಿನ್ ಇಸಿಯು ಸುದ್ದಿಯೂ ಇಲ್ಲ. ಯು ಅಕ್ಷರದ ಕೋಡುಗಳನ್ನು ನಾನು ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ ಅಂತ ಓದುತ್ತೇನೆ. ಇಲ್ಲಿ ದೂರು ಕೊಟ್ಟವರು ಸ್ಟೀರಿಂಗ್, ಡ್ಯಾಶ್‌ಬೋರ್ಡಿನ ಮೀಟರ್, ಬಾಗಿಲು-ಲೈಟು ನೋಡಿಕೊಳ್ಳುವ ಬಿಸಿಎಂ, ಎಲ್ಲರೂ ಕ್ಯಾಬಿನ್ ಒಳಗಿನವರು. ಸ್ಕ್ಯಾನರ್‌ಗೆ ಉತ್ತರ ಕೊಡದವರು ಎಬಿಎಸ್ ಮತ್ತು ಇಸಿಯು, ಇಬ್ಬರೂ ಬಾನೆಟ್ ಕೆಳಗಿನವರು. ಇಂಜಿನ್ ಹತ್ತದಿರುವುದಕ್ಕೂ ಇದೇ ಉತ್ತರ: ಕೀ ಸರಿಯಿದೆ ಅನ್ನುವ ಮಾತು ಇಸಿಯುಗೆ ತಲುಪದಿದ್ದರೆ ಅದು ಇಂಜೆಕ್ಟರ್ ತೆರೆಯುವುದಿಲ್ಲ.

ಬ್ಯಾಟರಿ ನೆಗೆಟಿವ್ ತೆಗೆದು, ಯೂನಿಟ್‌ಗಳೆಲ್ಲ ಮಲಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟು, ಒಬಿಡಿ ಪೋರ್ಟಿನ 6 ಮತ್ತು 14ಕ್ಕೆ ಮಲ್ಟಿಮೀಟರ್ ಹಿಡಿದೆ. ಕ್ಯಾನ್ ಸಾಲಿನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಇರುತ್ತದೆ, ಎರಡೂ ಸಮಾನಾಂತರ ಇರುವುದರಿಂದ 60 ಬರಬೇಕು. ಬಂದದ್ದು 120ರ ಆಸುಪಾಸು, ಅಂದರೆ ಒಂದು ತುದಿ ಕಳಚಿಕೊಂಡಿದೆ. ಸೊನ್ನೆಯ ಹತ್ತಿರ ಬಂದಿದ್ದರೆ ಎರಡು ವೈರು ಒಂದಕ್ಕೊಂದು ತಾಗಿವೆ ಅನ್ನಬಹುದಿತ್ತು. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಹೊರಗಿನ ಟ್ರ್ಯಾಕರ್ ಹಾಕಿಸಿದ ಗಾಡಿಯಲ್ಲಿ ಇದನ್ನೂ ನೋಡಿದ್ದೇನೆ.

ಈ ಗಾಡಿಯಲ್ಲಿ ಒಂದು ರೆಸಿಸ್ಟರ್ ಬಿಸಿಎಂ ಒಳಗೆ, ಇನ್ನೊಂದು ಇಸಿಯು ಒಳಗೆ. ಇಸಿಯು ಕನೆಕ್ಟರ್ ಕಳಚಿ ಅದರ ಪಿನ್ನುಗಳ ಮೇಲೇ ಅಳೆದರೆ 120 ಸರಿಯಾಗಿ ಬಂತು. ಇಸಿಯು ಒಳಗಿನ ರೆಸಿಸ್ಟರ್ ಚೆನ್ನಾಗಿದೆ, ಹೋಗಿರುವುದು ದಾರಿ. ಒಬಿಡಿಯ 6ರಿಂದ ಇಸಿಯು ಕನೆಕ್ಟರ್‌ವರೆಗೆ ಕಂಟಿನ್ಯೂಟಿ ಬೀಪ್ (ವೈರು ತುಂಡಾಗಿಲ್ಲ ಅನ್ನುವ ಸದ್ದು) ಬಂತು, 14ರಿಂದ ಬರಲಿಲ್ಲ. ಕ್ಯಾನ್-ಲೋ ತುಂಡಾಗಿದೆ. ಎಬಿಎಸ್‌ಗೆ ಕವಲೊಡೆಯುವ ಜಾಗದಲ್ಲೂ ಬೀಪ್ ಇಲ್ಲದ್ದರಿಂದ ತುಂಡಾದದ್ದು ಅದಕ್ಕಿಂತ ಮುಂಚೆಯೇ. ಉಳಿದದ್ದು ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಯಿಂದ ಬ್ಯಾಟರಿ ಟ್ರೇವರೆಗಿನ ಒಂದು ಮೊಳ ವೈರು.

ಟ್ರೇ ಎತ್ತಿದರೆ ಅಡಿಕೆ ಸಿಪ್ಪೆ, ಚೂರು ಚೂರಾದ ಫೋಮು. ವೈರುಗಳ ಮೇಲಿನ ಕೊಳವೆಯನ್ನು ಸೀಳಿ ನೋಡಿದೆ. ಒಂದು ವೈರಿನ ಮೈಸಿಪ್ಪೆ ಮಾತ್ರ ಸುಲಿದಿತ್ತು. ಇನ್ನೊಂದು ಪೂರ್ತಿ ತುಂಡಾಗಿ, ನೀರು ಕುಡಿದ ತಾಮ್ರ ಹಸಿರುಗಟ್ಟಿತ್ತು. ರಸ್ತೆ ಗುಂಡಿಯಲ್ಲಿ ಬಿದ್ದಾಗ ಸ್ಟೀರಿಂಗ್ ಒಮ್ಮೊಮ್ಮೆ ಗಟ್ಟಿಯಾಗುತ್ತಿತ್ತು ಅಂತ ಮಾಲೀಕರು ಹೇಳಿದ್ದು ಈಗ ಹೊಂದಿತು: ಕೊನೆಯ ಎಳೆಗಳು ಹಿಡಿದುಕೊಂಡಿರುವ ತನಕ ಗಾಡಿ ಓಡಿದೆ, ಎಳೆ ಬಿಟ್ಟ ಕ್ಷಣ ಇಂಜಿನ್ ಓಡುತ್ತಿದೆ ಅನ್ನುವ ಸಂದೇಶ ತಪ್ಪಿ ಸ್ಟೀರಿಂಗ್ ಮೋಟಾರ್ ಸಹಾಯ ನಿಲ್ಲಿಸಿದೆ.

ತಾಮ್ರ ಹೊಳೆಯುವ ಜಾಗ ಸಿಗುವವರೆಗೂ ವೈರನ್ನು ಹಿಂದಕ್ಕೆ ಕತ್ತರಿಸಿಕೊಂಡು ಹೋದೆ. ಹಸಿರು ತಾಮ್ರದ ಮೇಲೆ ಹಾಕಿದ ಜಾಯಿಂಟ್ ಒಂದು ಮಳೆಗಾಲವೂ ಬಾಳುವುದಿಲ್ಲ. ಅದೇ ದಪ್ಪದ ಹೊಸ ತುಂಡುಗಳನ್ನು ಎರಡೂ ವೈರಿಗೆ ಸಮ ಉದ್ದ ಹಾಕಿ, ಜಾಯಿಂಟ್‌ಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿ ಕ್ರಿಂಪ್ ಮಾಡಿದೆ. ಒಳಮೈಗೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಸೇರಿಸಿ, ಹೆಣಿಗೆಯನ್ನು ಮೊದಲಿದ್ದಷ್ಟೇ ಬಿಗಿಯಾಗಿ ತಿರುಗಿಸಿದೆ. ಮೀಟರ್ 60 ತೋರಿಸಿತು. ಬ್ಯಾಟರಿ ಹಾಕಿ, ಕೀ ಆನ್ ಮಾಡಿ ಒಂದೊಂದು ವೈರನ್ನೂ ಅರ್ತ್‌ಗೆ (ಗಾಡಿಯ ಬಾಡಿಗೆ) ಅಳೆದರೆ ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಅಷ್ಟೇ ಕೆಳಗೆ, ಎರಡೂ ಕೂಡಿದರೆ 5ರ ಹತ್ತಿರ. ಸಂದೇಶ ಓಡುತ್ತಿರುವ ಸಾಲಿನಲ್ಲಿ ಸಾಮಾನ್ಯ ಮೀಟರ್ ಸರಾಸರಿ ತೋರಿಸುವುದರಿಂದ ಹೀಗೇ ಬರಬೇಕು. ಕೋಡ್ ಅಳಿಸಿ ಸೆಲ್ಫ್ ಹೊಡೆದಾಗ ಇಂಜಿನ್ ಹತ್ತಿತು. ಎಬಿಎಸ್ ಯೂನಿಟ್ ಇದ್ದದ್ದೇ ಇದೆ.

ಈ ಓಮ್ ಪರೀಕ್ಷೆ ಎಲ್ಲ ಗಾಡಿಗೂ ಹೊಂದುವುದಿಲ್ಲ. ಹೊಸ ಗಾಡಿಗಳು ಹಲವದರಲ್ಲಿ ಒಬಿಡಿ ಪೋರ್ಟಿನ ಹಿಂದೆ, ಸಾಲುಗಳ ನಡುವೆ ಸಂದೇಶ ದಾಟಿಸುವ ಗೇಟ್‌ವೇ ಯೂನಿಟ್ ಕೂತಿರುತ್ತದೆ. ಅಲ್ಲಿ 6 ಮತ್ತು 14ರಲ್ಲಿ ಸಿಗುವ ಅಳತೆ ಪೋರ್ಟಿನಿಂದ ಗೇಟ್‌ವೇವರೆಗಿನ ಸಾಲಿನದು ಮಾತ್ರ. ಇಂಜಿನ್ ಸಾಲು ಬೇರೆ, ಬಾಡಿ ಸಾಲು ಬೇರೆ. ಅಂಥ ಗಾಡಿ ಬಂದರೆ ಮೊದಲು ವೈರಿಂಗ್ ಡಯಾಗ್ರಾಮ್ ತೆಗೆದು, ಗೇಟ್‌ವೇ ಕನೆಕ್ಟರಿನಲ್ಲೇ ಒಂದೊಂದು ಜೋಡಿಯನ್ನೂ ಅಳೆಯುತ್ತೇನೆ. ಪವರ್ ವಿಂಡೋ, ವೈಪರ್‌ನಂಥ ಕಡೆ ಲಿನ್ ಅನ್ನುವ ಒಂಟಿ ವೈರಿನ 12 ವೋಲ್ಟ್ ಸಾಲು ಇರುತ್ತದೆ, ಅದಕ್ಕೆ ಈ 60ರ ಲೆಕ್ಕವೇ ಇಲ್ಲ. ಇನ್ನು ಓಮ್ ಸರಿಯಿದ್ದೂ ಸಾಲು ಸತ್ತಿದ್ದರೆ, ವೋಲ್ಟೇಜಿನ ಅಲೆ ತೋರಿಸುವ ಸ್ಕೋಪ್ ಹಾಕಿಕೊಂಡು ಯೂನಿಟ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗುತ್ತೇನೆ. ಯಾವುದನ್ನು ಕಳಚಿದಾಗ ಅಲೆ ಸರಿಯಾಗುತ್ತದೋ ಅದರ ಕಡೆಗೆ ಆಮೇಲಿನ ಕೆಲಸ.